ಪಾವತ್ತು

ಕ್ಲಾಕ್ ಟವರಿನ ಹಿಂದಿನ ಗಲ್ಲಿಯಲ್ಲಿ
ಇಪ್ಪತ್ತಾರು ವರ್ಷ ಮೊಳೆ ಜೋಡಿಸಿದೆ.
ನಮ್ಮ ಪ್ರೆಸ್ಸಿನಲ್ಲಿ ಸದಾ ಎರಡಕ್ಕೆ ಕೊರತೆ:
ಪಾವತ್ತು, ಮಾವತ್ತು.
ಏನು ಮಾಡುವುದು, ಕೋಲಾರದ ಸೀಮೆಯೇ ಹಾಗೆ.
ದೊಡ್ಡಮುನಿಯಪ್ಪ, ಚಿಕ್ಕಮುನಿಯಪ್ಪ,
ಅವರ ಧರ್ಮಪತ್ನಿ ಪಾಪಮ್ಮ, ಬೀಗರು ಗಂಗುಲಪ್ಪ,
ಕೊನೆಗೆ ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’
ಎನ್ನುವ ಪುಟಾಣಿಗಳ ತನಕ.
ಅಲ್ಲೂ ಒಂದು ಪಾವತ್ತು, ನೋಡಿ, ತಪ್ಪದೇ.

ಒಂದು ಲಗ್ನಪತ್ರಿಕೆಗೇ ಕೇಸಿನ ಗೂಡು ಖಾಲಿ.
‘ಹೋಗಿ ಬಾರಮ್ಮ’ ಎನ್ನುವರು ಸುಬ್ಬಾಶೆಟ್ಟರು,
‘ನಾಲ್ಕು ಅಪ್ಪ, ನಾಲ್ಕು ಅಮ್ಮ ಸಾಲ ತಾ.’
ಎದುರು ಪ್ರೆಸ್ಸಿನ ಬಾಷಾ ಸಾಬರು
ಎಣಿಸಿ ಅಂಗೈಗೆ ಸುರಿಯುತ್ತಿದ್ದರು ತಣ್ಣನೆ ಸೀಸ,
‘ನಮ್ಮಲ್ಲೂ ಕಮ್ಮೀನೇ ತಾಯೀ’ ಅನ್ನುತ್ತ.

ದೇವರ ಬಗ್ಗೆ ನನಗೆ ಗೊತ್ತಿರುವುದು
ಬಹುಶಃ ಇಷ್ಟೆ.

ಅಚ್ಚಿನ ಅಕ್ಷರ ಹುಟ್ಟುವುದೇ ತಿರುಗಿಕೊಂಡು.
ಓದಬೇಡ, ನಂಬು, ಬೆರಳು ಬಲ್ಲದು ಎಂದಿದ್ದರು ಶೆಟ್ಟರು.
ನಂಬಲಿಲ್ಲ. ಮೂರು ತಿಂಗಳು ಕನ್ನಡಿ ಹಿಡಿದು ಓದಿದೆ.
ನಾಲ್ಕನೆಯ ತಿಂಗಳು ಕನ್ನಡಿ ಬಿದ್ದು ಒಡೆಯಿತು,
ಹೊಸದಕ್ಕೆ ಕಾಸಿರಲಿಲ್ಲ.
ಭಕ್ತಿ ಬಂದದ್ದು ಹಾಗೆ ಎಂದರೆ ಸುಳ್ಳಾದೀತು.
ಅಭ್ಯಾಸ ಬಂತು.

ಪತ್ರಿಕೆಯ ತಲೆಯ ಮೇಲಿನ ಬ್ಲಾಕುಗಳು,
ಗಣಪತಿ, ಅರ್ಧಚಂದ್ರ, ಶಿಲುಬೆ,
ಒಂದೇ ಡ್ರಾಯರಿನಲ್ಲಿ ಒಬ್ಬರ ಮೇಲೊಬ್ಬರು ಮಲಗಿರುತ್ತಿದ್ದರು.
ಶನಿವಾರ ಸಂಜೆ ಎಲ್ಲರಿಗೂ ಸೀಮೆಎಣ್ಣೆಯ ಅಭಿಷೇಕ,
ನನ್ನ ಹಳೇ ಸೀರೆಯ ತುಂಡಿನಲ್ಲಿ.

ಅಚ್ಚು ಮುಗಿದ ಮೇಲೆ ಬಿಚ್ಚುವ ಕೆಲಸ.
ಮದುಮಗಳ ಹೆಸರು ಅಕ್ಷರ ಅಕ್ಷರವಾಗಿ
ತನ್ನ ತನ್ನ ಗೂಡಿಗೆ ಹಿಂತಿರುಗಬೇಕು.
ರತ್ನಮ್ಮನ ಮಾವತ್ತು ನಾಳೆ
ಇನ್ನಾರದೋ ವೈಕುಂಠ ಸಮಾರಾಧನೆಗೆ.
ಒಮ್ಮೆ ನನ್ನ ಚನ್ನರಾಯಪ್ಪನ ಕಾರ್ಡನ್ನೂ ನಾನೇ ಜೋಡಿಸಿದೆ,
ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ.
ಅವತ್ತೂ ಒಂದು ಪಾವತ್ತು ಕಡಿಮೆ ಬಿತ್ತು.
ಶೆಟ್ಟರು ಮಾತಾಡದೆ ಎದ್ದು
ತಾವೇ ರಸ್ತೆ ದಾಟಿದರು, ಬರಿಗಾಲಲ್ಲಿ.

ಕಂಪ್ಯೂಟರು ಬಂತು. ಸೀಸ ತೂಕಕ್ಕೆ ಹೋಯಿತು.
ತಕ್ಕಡಿಯ ಪಕ್ಕ ನಿಂತು ಶೆಟ್ಟರು ಕೇಳಿದರು,
ನಿನಗೇನು ಬೇಕೋ ತಗೋ.
ಒಂದು ಪಾವತ್ತು ಎತ್ತಿಕೊಂಡೆ.
ಸಾಕಾ ಅಂದರು. ಸಾಕು ಅಂದೆ.
ಆ ಮಾತು ಬಾಯಿಂದ ಹೊರಟದ್ದು ಅದೇ ಮೊದಲು.

ಈಗ ಗಲ್‌ಪೇಟೆಯಲ್ಲಿ ಒಂದು ಕೋಣೆ.
ತಟ್ಟೆ ಒಂದು, ಲೋಟ ಎರಡು,
ಎರಡನೆಯದು ಬಂದವರಿಗೆ.
ಚಳಿಗಾಲದಲ್ಲಿ ಅವರೆಕಾಳು, ಉಳಿದಂತೆ
ಮುದ್ದೆ, ಬಸ್ಸಾರು, ಒಂದು ಹಸಿ ಈರುಳ್ಳಿ.
ತಪ್ಪಾಗಿ ಅಚ್ಚಾದ ಪತ್ರಿಕೆಗಳ ಕಟ್ಟೊಂದು ಉಳಿದಿದೆ,
ಅವುಗಳ ಬೆನ್ನ ಮೇಲೆ ಬರೆಯುತ್ತೇನೆ.
ಕವಿತೆ ಅನ್ನಲು ನಾಚಿಕೆ,
ಪ್ರಾರ್ಥನೆ ಅನ್ನಲು ಅನುಮಾನ.
ಗೂಡಿನಲ್ಲಿಲ್ಲದ ಅಕ್ಷರ ಕೇಳುವ ಸಾಲನ್ನು
ಅಲ್ಲಿಗೇ ಬಿಟ್ಟುಬಿಡುತ್ತೇನೆ. ಒಮ್ಮೊಮ್ಮೆ ಮಾತ್ರ
ಸಾಲ ತರುತ್ತೇನೆ, ಹಳೇ ಚಾಳಿ.

ಅಂತರಗಂಗೆಯ ಮೆಟ್ಟಿಲಿಗೆ ಮಂಡಿ ಒಪ್ಪುವುದಿಲ್ಲ.
ಕೆಳಗೇ ನಿಂತು ಬಂಡೆಗಳನ್ನು ನೋಡಿ ಬರುತ್ತೇನೆ.
ಮೇಲೆ ಕಲ್ಲುಬಸವನ ಬಾಯಿಂದ
ನೀರು ಬೀಳುತ್ತಲೇ ಇರುತ್ತದೆ,
ನಾನು ಹತ್ತಿದರೂ, ಹತ್ತದಿದ್ದರೂ.

ಪಾವತ್ತು ಇರುವುದು ಸಾಸಿವೆ ಡಬ್ಬಿಯಲ್ಲಿ.
ನಿನ್ನೆ ಪಕ್ಕದ ಮನೆಯ ನಸ್ರೀನ್
ಸಾಸಿವೆ ಕೇಳಲು ಬಂದವಳು ಹುಡುಕಿ ತೆಗೆದಳು.
‘ಇದನ್ನ ಹೇಗೆ ಓದೋದಜ್ಜಿ?’
‘ಬರೀ ಇದನ್ನ ಓದಕ್ಕಾಗಲ್ಲ ಕಣೇ,
ಮೇಲೊಂದು ಅಕ್ಷರ ಇರಬೇಕು.’
ಅವಳಿಗೆ ಒಪ್ಪಿಗೆಯಾಗಲಿಲ್ಲ.
ಅಂಗೈಗೆ ಒತ್ತಿ ಹಿಡಿದಳು.
ಎಳೆಯ ಚರ್ಮದ ಮೇಲೆ ನೇರವಾಗಿ ಮೂಡಿತು,
ಕ್ಷಣ ಹೊತ್ತು ಕೆಂಪಗೆ ನಿಂತು
ಮಾಯವಾಯಿತು.
ಇನ್ನೊಮ್ಮೆ ಒತ್ತಿಕೊಂಡಳು.